ಸಂದರ್ಶನಕ್ಕೆ ಇನ್ನು 12 ದಿನ: ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಏನು ಹೇಳಬೇಕು?

ಬ್ರಹ್ಮಾವರದ ವಾಣಿಜ್ಯ ಪದವೀಧರೆ:

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿದ ಮೇಲೆ ನಾನು ಉಡುಪಿ ಸಮೀಪದ ಒಂದು ಸಹಕಾರ ಸಂಘದ ಕೌಂಟರಿನಲ್ಲಿ 14 ತಿಂಗಳು ಕೆಲಸ ಮಾಡಿದ್ದೇನೆ. ತಂದೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಮನೆಯಲ್ಲಿ ಬೇರೆ ಯಾರೂ ಇಲ್ಲದ ಕಾರಣ ಆ ಕೆಲಸವನ್ನು ಬಿಡಬೇಕಾಯಿತು. ಒಂದೂವರೆ ವರ್ಷದ ಬಳಿಕ ಈಗ ಒಂದು ಖಾಸಗಿ ಬ್ಯಾಂಕಿನ ಕಿರಿಯ ಅಧಿಕಾರಿ ಹುದ್ದೆಗೆ ಸಂದರ್ಶನದ ಕರೆ ಬಂದಿದೆ. ಸಂದರ್ಶನ ಮಂಗಳೂರಿನಲ್ಲಿ, ಇನ್ನು 12 ದಿನಗಳಿವೆ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಒಂದು ನೋಟ್‌ಬುಕ್ಕಿನ 31 ಪುಟಗಳನ್ನು ತುಂಬಿಸಿದ್ದೇನೆ. ಆದರೆ ಕನ್ನಡಿಯ ಮುಂದೆ ನಿಂತು ಹೇಳತೊಡಗಿದರೆ ಮೂರನೆಯ ವಾಕ್ಯಕ್ಕೆ ಮಾತು ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ನಾನು ಬರೆದಿರುವ ಉತ್ತರದ ಕನ್ನಡ ರೂಪ ಹೀಗಿದೆ: ‘ನಾನು ಶ್ರಮಜೀವಿ, ಪ್ರಾಮಾಣಿಕಳು, ಹೊಸದನ್ನು ಬೇಗ ಕಲಿಯುವವಳು. ತಂಡದೊಂದಿಗೆ ಹೊಂದಿಕೊಂಡು ಕೆಲಸ ಮಾಡಬಲ್ಲೆ. ಸವಾಲುಗಳನ್ನು ಸ್ವೀಕರಿಸುವುದು ನನಗೆ ಇಷ್ಟ. ನನ್ನ ಹವ್ಯಾಸ ಪುಸ್ತಕಗಳನ್ನು ಓದುವುದು.’ ಇದರಲ್ಲಿ ಏನನ್ನು ತಿದ್ದಬೇಕು ಎಂದು ಅನುಭವಿಗಳು ದಯವಿಟ್ಟು ತಿಳಿಸಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕೊಡಿಯಾಲಬೈಲು:

ನಾನು ಹಲವು ವರ್ಷ ಸಂದರ್ಶನ ಮಂಡಳಿಗಳಲ್ಲಿ ಕುಳಿತವನು. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ಉತ್ತರದಲ್ಲಿ ತಪ್ಪು ಎನ್ನುವಂಥದ್ದು ಏನೂ ಇಲ್ಲ. ಆದರೆ ಅದರಲ್ಲಿ ನೀವೂ ಇಲ್ಲ. ಒಂದು ದಿನಕ್ಕೆ 30 ಮಂದಿ ಬಂದರೆ ಅವರಲ್ಲಿ 25 ಮಂದಿ ಶ್ರಮಜೀವಿಗಳೇ ಆಗಿರುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಬಂದು ಕುಳಿತವನಿಗೆ ಆ ಶಬ್ದ ಕಿವಿಗೆ ಬಿದ್ದದ್ದೂ ಗೊತ್ತಾಗುವುದಿಲ್ಲ.

ನಿಮ್ಮ ಹೆಸರು, ಊರು, ಅಂಕಗಳೆಲ್ಲ ಆಗಲೇ ನಮ್ಮ ಕೈಯ ಕಾಗದದಲ್ಲಿರುತ್ತವೆ. ಹಾಗಿದ್ದೂ ‘ನಿಮ್ಮ ಬಗ್ಗೆ ಹೇಳಿ’ ಎಂದು ಕೇಳುವುದು, ಮುಂದಿನ ಪ್ರಶ್ನೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂದು ತಿಳಿಯುವುದಕ್ಕೆ. ನೀವು ಆಡುವ ಮಾತೇ ನಮ್ಮ ಮುಂದಿನ ಪ್ರಶ್ನೆಯಾಗುತ್ತದೆ. ‘ಓದುವುದು ಹವ್ಯಾಸ’ ಎಂದು ಹೇಳಿದ ಒಬ್ಬ ಹುಡುಗನನ್ನು, ಇತ್ತೀಚೆಗೆ ಓದಿದ್ದು ಯಾವುದು ಎಂದು ನಮ್ಮ ಮಂಡಳಿಯಲ್ಲಿ ಒಬ್ಬರು ಕೇಳಿದರು. ಹೆಸರು ನೆನಪಾಗಲಿಲ್ಲ. ಅಲ್ಲಿಯವರೆಗೆ ಚೆನ್ನಾಗಿಯೇ ಮಾತಾಡುತ್ತಿದ್ದವನ ಧ್ವನಿ ಆಮೇಲೆ ಮೇಲೇಳಲೇ ಇಲ್ಲ. ಅದೇ ದಿನ ಬಂದ ಇನ್ನೊಬ್ಬ ‘ಯಕ್ಷಗಾನದಲ್ಲಿ ಚೆಂಡೆ ಬಾರಿಸುತ್ತೇನೆ’ ಎಂದ. ತೆಂಕುತಿಟ್ಟಿಗೂ ಬಡಗುತಿಟ್ಟಿಗೂ ಏನು ವ್ಯತ್ಯಾಸ ಎಂದು ಕೇಳಿದ್ದಕ್ಕೆ, ಕಿರೀಟದಿಂದ ಹಿಡಿದು ಚೆಂಡೆಯ ಪೆಟ್ಟಿನವರೆಗೆ ನಾಲ್ಕು ನಿಮಿಷ ವಿವರಿಸಿದ. ಅವನ ಇಂಗ್ಲಿಷ್ ಅಲ್ಲಲ್ಲಿ ಮುರಿದಿತ್ತು, ಆದರೆ ತಿಳಿದದ್ದನ್ನು ತಿಳಿಯದವರಿಗೆ ಹೇಳುವ ಶಕ್ತಿ ಅವನಲ್ಲಿತ್ತು. ಶಾಖೆಯ ಕೌಂಟರಿನಲ್ಲಿ ನಮಗೆ ಬೇಕಾದದ್ದೂ ಅದೇ ಅಲ್ಲವೇ?

ಆದ್ದರಿಂದ ಆ 31 ಪುಟಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಂಘದಲ್ಲಿ ಕಳೆದ 14 ತಿಂಗಳಲ್ಲಿ ನಿಮಗೆ ಚೆನ್ನಾಗಿ ನೆನಪಿರುವ ಒಂದು ದಿನವನ್ನು ಇಲ್ಲಿ ಬರೆಯಿರಿ. ಉತ್ತರವೆಂದು ಬರೆಯಬೇಡಿ, ಮನೆಯಲ್ಲಿ ಹೇಳುವಂತೆ ಬರೆಯಿರಿ.

ಸಾಫ್ಟ್‌ವೇರ್ ಉದ್ಯೋಗಿ, ಸುರತ್ಕಲ್:

ಹಿರಿಯರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಕ್ಯಾಂಪಸ್ ಸಂದರ್ಶನದ ಸಮಯದಲ್ಲಿ ನಾನು ಎಲ್ಲ ಉತ್ತರಗಳನ್ನೂ ಬಾಯಿಪಾಠ ಮಾಡಿದ್ದೆ, ಕೆಲಸವೂ ಸಿಕ್ಕಿತು. ನನ್ನಂತೆ ಮಾತಿಗೆ ತಡವರಿಸುವವರಿಗೆ ಬರೆದಿಟ್ಟ ವಾಕ್ಯ ಒಂದು ಊರುಗೋಲು. ಅದನ್ನೂ ಕಿತ್ತುಕೊಂಡರೆ ಕೋಣೆಯ ಒಳಗೆ ಹೆಜ್ಜೆ ಇಡುವುದೇ ಕಷ್ಟ.

ಉಪನ್ಯಾಸಕ, ಕಾರ್ಕಳ:

ಇಬ್ಬರ ಮಾತಿನಲ್ಲೂ ಹುರುಳಿದೆ. ಬರೆಯುವುದು ಒಳ್ಳೆಯದು, ಬರೆದದ್ದನ್ನು ಒಪ್ಪಿಸುವುದು ಕೆಟ್ಟದ್ದು. ನನ್ನ ವಿದ್ಯಾರ್ಥಿಗಳಿಗೆ ನಾನು ಉತ್ತರವನ್ನು ಒಮ್ಮೆ ಪೂರ್ತಿ ಬರೆಯಲು ಹೇಳುತ್ತೇನೆ. ಮರುದಿನ ಅದರಲ್ಲಿ ನಾಲ್ಕು ಶಬ್ದಗಳನ್ನು ಉಳಿಸಿಕೊಂಡು ಹಾಳೆಯನ್ನು ಮಡಚಿಡಬೇಕು. ಆ ನಾಲ್ಕು ಶಬ್ದಗಳನ್ನು ಹಿಡಿದುಕೊಂಡು ಮೂರು ಸಲ ಹೇಳಬೇಕು, ಮೂರು ಸಲವೂ ವಾಕ್ಯಗಳು ಬೇರೆ ಬೇರೆಯಾಗಿರಬೇಕು. ಒಂದೇ ರೀತಿ ಬಂದರೆ ಅದು ಬಾಯಿಪಾಠವಾಗಿದೆ ಎಂದು ಅರ್ಥ. ಮೂರನೆಯ ವಾಕ್ಯಕ್ಕೆ ನಿಮ್ಮ ಮಾತು ನಿಲ್ಲುತ್ತಿರುವುದು ಶಬ್ದದ ಹಿಂದೆ ಶಬ್ದವನ್ನು ಜೋಡಿಸಿ ಇಟ್ಟುಕೊಂಡಿರುವುದರಿಂದ. ನಡುವಿನ ಒಂದು ಕಳಚಿದರೆ ಸರವೇ ಚೆಲ್ಲುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಜಿಲ್ಲೆಗಳ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಸಂದರ್ಶನದಲ್ಲಿ ಇಂಗ್ಲಿಷ್ ಮಾತಾಡಬೇಕಾಗುತ್ತದೆ. ಮೊದಲು ಕನ್ನಡದಲ್ಲಿ ಉದ್ದನೆಯ ವಾಕ್ಯವನ್ನು ಕಟ್ಟಿ, ಅದನ್ನೇ ಇಂಗ್ಲಿಷಿಗೆ ತಿರುಗಿಸಲು ಹೋದರೆ ಕ್ರಿಯಾಪದ ಎಲ್ಲಿಗೆ ಬರಬೇಕೆಂದು ತಿಳಿಯದೆ ನಡುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ಚಿಕ್ಕ ವಾಕ್ಯಗಳಲ್ಲಿ ಹೇಳಿ. ‘ಮೈಸೆಲ್ಫ್ ಇಂಥವಳು’ ಎಂದು ಆರಂಭಿಸುವ ಅಭ್ಯಾಸವಿದ್ದರೆ ಇಂದೇ ಬಿಟ್ಟುಬಿಡಿ, ‘ಐ ಯಾಮ್’ ಎಂದರೆ ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳುವಿರಾ ಎಂದು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಅರ್ಥವಾಗದ ಪ್ರಶ್ನೆಗೆ ನಗುತ್ತಾ ‘ಯೆಸ್ ಸರ್’ ಎಂದು ತಲೆಯಾಡಿಸಿ, ಆಮೇಲೆ ಅದು ‘ಏಕೆ’ ಎಂದು ಆರಂಭವಾಗುವ ಪ್ರಶ್ನೆಯಾಗಿತ್ತೆಂದು ತಿಳಿದು ಪೇಚಾಡಿದವನು ನಾನೇ.

ಮಾನವ ಸಂಪನ್ಮೂಲ ವಿಭಾಗದವರು, ಮಂಗಳೂರು:

ನೇಮಕಾತಿ ನನ್ನ ದಿನನಿತ್ಯದ ಕೆಲಸವಾದ್ದರಿಂದ, ಪ್ರಶ್ನೆ ಕೇಳಿದವರು ಹೆಚ್ಚು ಹೆದರುತ್ತಿರುವ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅವರು ಅದನ್ನು ಬಾಯಿಬಿಟ್ಟು ಕೇಳಿಲ್ಲ, ಆದರೆ ಮೊದಲ ಪರಿಚ್ಛೇದದಲ್ಲೇ ಅದು ಕಾಣಿಸುತ್ತದೆ: ಆ ಒಂದೂವರೆ ವರ್ಷ.

ಅದನ್ನು ಮುಚ್ಚಿಡಲು ದಿನಾಂಕಗಳನ್ನು ಆಚೀಚೆ ಮಾಡಬೇಡಿ. ಹಿಂದಿನ ಕೆಲಸದಲ್ಲಿ ಭವಿಷ್ಯ ನಿಧಿ ಕಡಿತವಾಗಿದ್ದರೆ ನೀವು ಸೇರಿದ ದಿನ, ಬಿಟ್ಟ ದಿನ ಎರಡೂ ಆ ಖಾತೆಯ ಸೇವಾ ವಿವರದಲ್ಲಿ ಇರುತ್ತವೆ. ಆಯ್ಕೆಯಾದ ಮೇಲೆ ನಡೆಯುವ ಪರಿಶೀಲನೆಯಲ್ಲಿ ಬಿಡುಗಡೆ ಪತ್ರವನ್ನೂ ನೋಡುತ್ತಾರೆ. ಬಿಡುವು ಇದ್ದದ್ದಕ್ಕಾಗಿ ನಾವು ಯಾರನ್ನೂ ಕೈಬಿಟ್ಟದ್ದು ನನಗೆ ನೆನಪಿಲ್ಲ. ಬಿಡುವೇ ಇರಲಿಲ್ಲವೆಂದು ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಕೈಬಿಟ್ಟಿದ್ದೇವೆ.

ಹೇಳುವಾಗ ಎರಡೇ ವಾಕ್ಯ ಸಾಕು. ‘ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ನೋಡಿಕೊಳ್ಳಲು ನಾನೊಬ್ಬಳೇ ಇದ್ದ ಕಾರಣ ಕೆಲಸ ಬಿಟ್ಟೆ. ಈಗ ಅವರು ಚೇತರಿಸಿಕೊಂಡಿದ್ದಾರೆ, ಪೂರ್ಣಾವಧಿ ಕೆಲಸಕ್ಕೆ ನನಗೆ ಅಡ್ಡಿಯಿಲ್ಲ.’ ಇಷ್ಟು ಹೇಳಿ ನಿಲ್ಲಿಸಿ. ಆಸ್ಪತ್ರೆಯ ದಿನಗಳ ಕಥೆಯನ್ನು ಬಿಡಿಸಬೇಡಿ, ಕ್ಷಮೆಯನ್ನೂ ಕೇಳಬೇಡಿ. ಆ ಅವಧಿಯಲ್ಲಿ ಆಸ್ಪತ್ರೆಯ ಬಿಲ್ಲು, ವಿಮೆಯ ದಾವೆ, ಬ್ಯಾಂಕಿನ ಓಡಾಟವನ್ನೆಲ್ಲ ನೀವೇ ನಿಭಾಯಿಸಿದ್ದರೆ ಅದೂ ಒಂದು ಅನುಭವವೇ. ಆದರೆ ಅವರಾಗಿ ಕೇಳಿದರೆ ಮಾತ್ರ ಹೇಳಿ.

‘ನಿಮ್ಮ ದೌರ್ಬಲ್ಯವೇನು’ ಎಂಬ ಪ್ರಶ್ನೆಗೆ ‘ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವುದೇ ನನ್ನ ದೌರ್ಬಲ್ಯ’ ಎಂಬ ಉತ್ತರವನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ನಿಜವಾದದ್ದೊಂದನ್ನು, ಕೆಲಸಕ್ಕೆ ಕುತ್ತಾಗದಂಥದ್ದನ್ನು ಹೇಳಿ, ಅದಕ್ಕೆ ನೀವು ಏನು ಮಾಡುತ್ತಿದ್ದೀರಿ ಎಂಬುದನ್ನೂ ಸೇರಿಸಿ. ನಗದು ಎಣಿಸುವ ಹುದ್ದೆಗೆ ಬಂದವರು ‘ಲೆಕ್ಕದಲ್ಲಿ ಆಗಾಗ ತಪ್ಪುತ್ತೇನೆ’ ಎಂದು ಪ್ರಾಮಾಣಿಕತೆ ತೋರಿಸಬೇಕಾಗಿಲ್ಲ, ಮಾರಾಯ್ರೇ.

ಶುಶ್ರೂಷಕಿ, ಕಾಪು:

ನನ್ನ ಕ್ಷೇತ್ರವೇ ಬೇರೆ, ಆದರೂ ತಂಗಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ಕೊಲ್ಲಿ ದೇಶದ ಆಸ್ಪತ್ರೆಯೊಂದಕ್ಕೆ ವೀಡಿಯೊ ಕರೆಯಲ್ಲಿ ನನ್ನ ಸಂದರ್ಶನ ನಡೆಯಿತು. ‘ರೋಗಿಯೊಬ್ಬರು ಮಂಚದಿಂದ ಬಿದ್ದಿದ್ದಾರೆ, ನೀವು ಏನು ಮಾಡುತ್ತೀರಿ’ ಎಂದು ಕೇಳಿದರು. ಬೀಳದಂತೆ ತಡೆಯುವುದು ಹೇಗೆ, ಮಂಚದ ಪಕ್ಕದ ಕಂಬಿ ಎಷ್ಟು ಮುಖ್ಯ ಎಂದು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳತೊಡಗಿದೆ. ಆ ಕಡೆಯಿದ್ದ ಮೇಲ್ವಿಚಾರಕಿ ನಡುವೆಯೇ ತಡೆದು, ‘ರೋಗಿ ಇನ್ನೂ ನೆಲದ ಮೇಲೇ ಇದ್ದಾರೆ’ ಎಂದರು.

ಆಗ ಎಚ್ಚರವಾಯಿತು. ಮೊದಲು ಹತ್ತಿರ ಹೋಗಿ ಪ್ರಜ್ಞೆ ಇದೆಯೇ, ಉಸಿರಾಟ ಸರಿಯಿದೆಯೇ ಎಂದು ನೋಡುತ್ತೇನೆ, ಸಹಾಯಕ್ಕೆ ಕೂಗುತ್ತೇನೆ, ತಲೆಗೋ ಕುತ್ತಿಗೆಗೋ ಸೊಂಟಕ್ಕೋ ಪೆಟ್ಟಾಗಿದೆಯೇ ಎಂದು ತಿಳಿಯುವ ತನಕ ಎತ್ತುವುದಿಲ್ಲ, ನಾಡಿ, ರಕ್ತದೊತ್ತಡ ನೋಡಿ ವೈದ್ಯರಿಗೆ ತಿಳಿಸುತ್ತೇನೆ, ಕೊನೆಗೆ ಘಟನೆಯ ವರದಿ ಬರೆಯುತ್ತೇನೆ ಎಂದು ಕ್ರಮವಾಗಿ ಹೇಳಿದೆ. ನಾನು ವಾರ್ಡಿನಲ್ಲಿ ದಿನಾಲೂ ಮಾಡುತ್ತಿದ್ದದ್ದೇ ಅದು. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರಲು ತಡವಾಯಿತು, ಅಷ್ಟೇ. ‘ಸಿಟ್ಟಿಗೆದ್ದ ಗ್ರಾಹಕ ಬಂದರೆ ಏನು ಮಾಡುತ್ತೀರಿ’ ಎಂದು ನಿಮ್ಮನ್ನು ಖಂಡಿತ ಕೇಳುತ್ತಾರೆ ತಂಗಿ. ಆಗ ತಾಳ್ಮೆಯ ಮಹತ್ವವನ್ನು ಹೇಳಬೇಡಿ. ಮೊದಲು ಏನು ಮಾಡುತ್ತೀರಿ, ಆಮೇಲೆ ಏನು ಮಾಡುತ್ತೀರಿ ಎಂಬುದನ್ನು ಹೇಳಿ.

ಬ್ರಹ್ಮಾವರದ ವಾಣಿಜ್ಯ ಪದವೀಧರೆ:

ಎಲ್ಲರಿಗೂ ಧನ್ಯವಾದಗಳು. ಹಿರಿಯರು ಹೇಳಿದಂತೆ ಒಂದು ದಿನವನ್ನು ಬರೆಯುತ್ತಿದ್ದೇನೆ.

ನಮ್ಮ ಸಂಘದಲ್ಲಿ ಪಿಗ್ಮಿ (ದಿನದಿನದ ಸಣ್ಣ ಉಳಿತಾಯ) ಮತ್ತು ಸಣ್ಣ ಸಾಲದ ಕಂತುಗಳನ್ನು ಸಂಗ್ರಾಹಕರು ಪೇಟೆಯಲ್ಲಿ ವಸೂಲಿ ಮಾಡಿ ಸಂಜೆ ತಂದು ಕೊಡುತ್ತಿದ್ದರು. ಚೀಟಿಗಳನ್ನು ನೋಡಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಒಂದು ಶನಿವಾರ ಸಂಜೆ ಲೆಕ್ಕ ಮುಗಿಸಿದಾಗ, ಪುಸ್ತಕದ ಮೊತ್ತಕ್ಕಿಂತ ನಗದು 180 ರೂಪಾಯಿ ಹೆಚ್ಚಿತ್ತು. ಎರಡು ಸಲ ಎಣಿಸಿದರೂ ಅಷ್ಟೇ. ಪಕ್ಕದ ಸಹೋದ್ಯೋಗಿ, ‘ಹೆಚ್ಚೇ ಅಲ್ಲವಾ, ಡ್ರಾಯರಿನಲ್ಲಿಡು, ಇನ್ನೊಂದು ದಿನ ಕಡಿಮೆ ಬಿದ್ದಾಗ ಸರಿಹೋಗುತ್ತದೆ’ ಎಂದರು. ಕೊನೆಯ ಬಸ್ಸಿನ ಹೊತ್ತೂ ಆಗುತ್ತಿತ್ತು. ಆದರೆ ಆ ಹಣ ಯಾರದ್ದೋ ಖಾತೆಯಲ್ಲಿ ಕಡಿಮೆ ಬಿದ್ದಿರುತ್ತದೆ ಎಂದು ನನಗೆ ಸಮಾಧಾನವಾಗಲಿಲ್ಲ.

ಸಂಘದ ಹಿರಿಯ ಗುಮಾಸ್ತರು ಹಿಂದೊಮ್ಮೆ, ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು, ಶೇಷ ಉಳಿಯದಿದ್ದರೆ ಎಲ್ಲೋ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು ಎಂದು ಹೇಳಿಕೊಟ್ಟಿದ್ದರು. 180ನ್ನು 9ರಿಂದ ಭಾಗಿಸಿದರೆ 20. ಅಂದರೆ ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು ಸ್ಥಳ ಬದಲಿಸಿರಬೇಕು, ಆ ಎರಡು ಅಂಕಿಗಳ ನಡುವಿನ ಅಂತರ 2 ಇರಬೇಕು. ಹಾಗೆ ಹುಡುಕುತ್ತಾ ಹೋದಾಗ ಮೀನು ಮಾರುವ ಒಬ್ಬ ಹೆಂಗಸಿನ ಸಾಲದ ಕಂತು ಸಿಕ್ಕಿತು. ಚೀಟಿಯಲ್ಲಿ 1,860 ಇತ್ತು, ನಾನು 1,680 ಎಂದು ಏರಿಸಿದ್ದೆ. ತಪ್ಪು ನನ್ನದೇ. ವ್ಯವಸ್ಥಾಪಕರಿಗೆ ಹೇಳಿ ಸರಿಪಡಿಸಿದೆ, ಮರುದಿನದಿಂದ ಹತ್ತು ಚೀಟಿಗಳಿಗೊಮ್ಮೆ ಮೊತ್ತ ತಾಳೆ ನೋಡುವ ಅಭ್ಯಾಸ ಮಾಡಿಕೊಂಡೆ. ಆ ದಿನ ಬಸ್ಸು ತಪ್ಪಿ ಪರಿಚಯದವರ ರಿಕ್ಷಾದಲ್ಲಿ ಮನೆಗೆ ಹೋದೆ.

ಇದು ತೀರಾ ಸಣ್ಣ ವಿಷಯ. ಇದನ್ನು ಸಂದರ್ಶನದಲ್ಲಿ ಹೇಳಬಹುದೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಕೊಡಿಯಾಲಬೈಲು:

ಹೇಳಬಹುದೇ ಎಂದು ಕೇಳುತ್ತೀರಾ? ನಿಮ್ಮ 31 ಪುಟಗಳಿಗಿಂತ ಇದು ತೂಕದ್ದು. ನೋಡಿ, ಇದರಲ್ಲಿ ಎಷ್ಟು ಪ್ರಶ್ನೆಗಳಿಗೆ ಉತ್ತರವಿದೆ. ‘ನೀವು ಮಾಡಿದ ಒಂದು ತಪ್ಪನ್ನು ಹೇಳಿ’ ಎಂದರೂ ಇದೇ. ‘ಸಹೋದ್ಯೋಗಿಯೊಂದಿಗೆ ಭಿನ್ನಾಭಿಪ್ರಾಯ ಬಂದದ್ದುಂಟೇ’ ಎಂದರೂ ಇದೇ. ‘ಒತ್ತಡದಲ್ಲಿ ಹೇಗೆ ಕೆಲಸ ಮಾಡುತ್ತೀರಿ’, ‘ನಿಮ್ಮನ್ನೇ ಏಕೆ ಆಯ್ಕೆ ಮಾಡಬೇಕು’ ಎಂಬವಕ್ಕೂ ಇದನ್ನೇ ಬೇರೆ ಬೇರೆ ಕಡೆಯಿಂದ ಹಿಡಿದು ಹೇಳಬಹುದು. ‘ಪ್ರಾಮಾಣಿಕಳು’ ಎಂಬ ಶಬ್ದವನ್ನು ನೀವು ಬಳಸಲೇ ಇಲ್ಲ, ಆದರೆ ಓದಿದವನಿಗೆ ಅದೇ ಉಳಿಯಿತು. ಇಂಥ ಇನ್ನೂ ಮೂರು ನಾಲ್ಕು ಘಟನೆಗಳನ್ನು ಹುಡುಕಿಟ್ಟುಕೊಳ್ಳಿ. ಒಂದು ಸಿಟ್ಟಿನ ಗ್ರಾಹಕರದ್ದು, ಒಂದು ನೀವಾಗಿ ಹೊಸದನ್ನು ಕಲಿತದ್ದು, ಒಂದು ನಾಲ್ಕು ಜನರೊಂದಿಗೆ ಸೇರಿ ಮಾಡಿದ್ದು. ಐವತ್ತು ಪ್ರಶ್ನೆಗಳಿಗೆ ಐವತ್ತು ಉತ್ತರ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ಸಹೋದ್ಯೋಗಿಯನ್ನು ಕೆಟ್ಟವರಂತೆ ಚಿತ್ರಿಸಬೇಡಿ. ‘ನಾಳೆ ನೋಡೋಣ ಎಂಬ ಸಲಹೆ ಬಂತು’ ಎಂದರೆ ಸಾಕು. ರಿಕ್ಷಾದ ವಿಷಯವನ್ನು ಬಿಡಿ.

ಇನ್ನು ಬ್ಯಾಂಕಿನ ವಿಷಯಕ್ಕೆ ಬರೋಣ. ಉಡುಪಿಯಿಂದ ಬಂದವರನ್ನು ಮಂಡಳಿಯವರು ಊರಿನ ಬ್ಯಾಂಕಿಂಗ್ ಇತಿಹಾಸದ ಬಗ್ಗೆ ಕೇಳದೆ ಬಿಡುವುದು ಕಡಿಮೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನೂ ಆರಂಭಿಸಿದರು. ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾಯಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಕ್ಕೂ ಸೇರಿದವು. ನೀವು ಚೀಟಿ ಏರಿಸುತ್ತಿದ್ದ ಪಿಗ್ಮಿ ಇದೆಯಲ್ಲ, ಆ ಯೋಜನೆಯನ್ನು 1928ರಲ್ಲಿ ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕಿನ ಟಿ.ಎಂ.ಎ. ಪೈ ಅವರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಮನೆಬಾಗಿಲಲ್ಲೇ ಸಂಗ್ರಹಿಸುತ್ತಿದ್ದರು. ನಿಮ್ಮ ಘಟನೆಯನ್ನು ಹೇಳಿದ ಮೇಲೆ ಮಂಡಳಿಯವರು ಪಿಗ್ಮಿಯ ಕಡೆಗೆ ತಿರುಗಿದರೆ, ಇದನ್ನು ಹೇಳಲು ಜಾಗ ತಾನಾಗಿ ಸಿಗುತ್ತದೆ. ಸಿಗದಿದ್ದರೆ ತುರುಕಬೇಡಿ.

ಬುನಾದಿಯ ಪ್ರಶ್ನೆಗಳಿಗೂ ಸಿದ್ಧರಿರಿ. ಸಾಲದ ಅಸಲು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಅದು ಅನುತ್ಪಾದಕ ಆಸ್ತಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ವಿಮೆ. ಚೆಕ್ಕಿನ ಅವಧಿ ಮೂರು ತಿಂಗಳು. ದೊಡ್ಡ ಮೊತ್ತವನ್ನು ಕೂಡಲೇ ಇನ್ನೊಂದು ಬ್ಯಾಂಕಿಗೆ ಕಳಿಸುವ ಆರ್‌ಟಿಜಿಎಸ್‌ಗೆ ಕನಿಷ್ಠ ಮೊತ್ತ 2 ಲಕ್ಷ. ರೆಪೊ ದರವನ್ನು (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಮಾತ್ರ ಸಂದರ್ಶನದ ಹಿಂದಿನ ದಿನ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ನೋಡಿಕೊಂಡೇ ಹೋಗಿ, ಹಳೆಯ ನೋಟ್ಸನ್ನು ನಂಬಬೇಡಿ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಎನ್ನಿ. ಊಹಿಸಿ ಹೇಳಿದ ಒಂದು ತಪ್ಪು ಉತ್ತರ, ಅದಕ್ಕೂ ಮೊದಲು ಹೇಳಿದ ನಾಲ್ಕು ಸರಿ ಉತ್ತರಗಳ ಮೇಲೂ ಸಂಶಯ ಹುಟ್ಟಿಸುತ್ತದೆ.

ಸಾಫ್ಟ್‌ವೇರ್ ಉದ್ಯೋಗಿ, ಸುರತ್ಕಲ್:

ಒಪ್ಪಿದೆ. ಬಾಯಿಪಾಠದಿಂದ ನನಗೆ ಮೊದಲ ಕೆಲಸ ಸಿಕ್ಕಿತೆಂದು ಬರೆದಿದ್ದೆ. ಎರಡನೆಯ ಕೆಲಸಕ್ಕೆ ಹೋದಾಗ ಅದೇ ಉತ್ತರಗಳು ಎಲ್ಲಿಯೂ ಉಪಯೋಗಕ್ಕೆ ಬರಲಿಲ್ಲ ಎಂಬುದನ್ನು ಬರೆದಿರಲಿಲ್ಲ. ‘ಐದು ವರ್ಷಗಳ ಬಳಿಕ ಎಲ್ಲಿರುತ್ತೀರಿ’ ಎಂಬ ಪ್ರಶ್ನೆಯ ಬಗ್ಗೆ ಯಾರೂ ಹೇಳಿಲ್ಲ. ಜೊತೆಗೆ ಸಂಬಳ ಎಷ್ಟು ಬೇಕೆಂದರೆ ಏನು ಹೇಳಬೇಕು?

ಮಾನವ ಸಂಪನ್ಮೂಲ ವಿಭಾಗದವರು, ಮಂಗಳೂರು:

ಐದು ವರ್ಷಗಳ ಪ್ರಶ್ನೆಯ ಹಿಂದೆ ಇರುವುದು ಒಂದೇ ಸಂಶಯ: ಇವರು ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆಯೇ? ಖಾಸಗಿ ಬ್ಯಾಂಕಿಗೆ ಬಂದ ಅನೇಕರು ಪಕ್ಕದಲ್ಲಿ ಸರ್ಕಾರಿ ಬ್ಯಾಂಕುಗಳ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗೂ ಓದುತ್ತಿರುತ್ತಾರೆಂಬುದು ನಮಗೆ ಗೊತ್ತು. ‘ಶಾಖಾ ವ್ಯವಸ್ಥಾಪಕಿ ಆಗಿರುತ್ತೇನೆ’ ಎಂಬ ದೊಡ್ಡ ಮಾತಿಗಿಂತ, ‘ಮೊದಲ ಎರಡು ವರ್ಷ ಕೌಂಟರ್ ಮತ್ತು ಸಾಲ ವಿಭಾಗ ಎರಡನ್ನೂ ಕಲಿಯಬೇಕೆಂದಿದ್ದೇನೆ, ಐಐಬಿಎಫ್‌ನವರ ಜೆಎಐಐಬಿ ಎಂಬ, ಬ್ಯಾಂಕ್ ನೌಕರರ ವೃತ್ತಿ ಪರೀಕ್ಷೆಯನ್ನು ಮುಗಿಸಬೇಕೆಂದಿದ್ದೇನೆ’ ಎಂಬ ಉತ್ತರ ನಂಬುವಂತಿರುತ್ತದೆ. ವರ್ಗಾವಣೆಗೆ ಸಿದ್ಧರಿದ್ದೀರಾ ಎಂದೂ ಕೇಳುತ್ತಾರೆ. ತಂದೆಯವರ ಆರೋಗ್ಯದ ಕಾರಣ ನಿಮಗೆ ಮಿತಿಯಿದ್ದರೆ ಅಲ್ಲಿಯೇ ಹೇಳಿ. ‘ಎಲ್ಲಿಗಾದರೂ ಹೋಗುತ್ತೇನೆ’ ಎಂದು ಒಪ್ಪಿಕೊಂಡು, ಆದೇಶ ಬಂದ ದಿನ ಅಳುವುದು ಎರಡೂ ಕಡೆಯವರಿಗೆ ಕಷ್ಟ.

ಸಂಬಳದ ಬಗ್ಗೆ ಹೇಳುವುದಾದರೆ, ಸಂಸ್ಥೆ ನಿಮಗಾಗಿ ಮಾಡುವ ವಾರ್ಷಿಕ ಒಟ್ಟು ವೆಚ್ಚ (ಸಿಟಿಸಿ) ಎಂದು ಹೇಳುವ ಮೊತ್ತ ಬೇರೆ, ಕೈಗೆ ಬರುವುದು ಬೇರೆ. 3 ಲಕ್ಷ ಎಂದರೆ ತಿಂಗಳಿಗೆ 25,000 ಎಂದು ಲೆಕ್ಕ ಹಾಕಿ ಸಂತೋಷಪಡಬೇಡಿ. ಮೂಲವೇತನ 12,500 ಎಂದಿಟ್ಟುಕೊಂಡರೆ, ಭವಿಷ್ಯ ನಿಧಿಗೆ ನಿಮ್ಮ ಪಾಲು ಶೇ. 12, ಸಂಸ್ಥೆಯ ಪಾಲು ಶೇ. 12, ಎರಡೂ ಸೇರಿ 3,000 ರೂಪಾಯಿ ಆ 25,000ದಿಂದಲೇ ಹೋಗುತ್ತದೆ. ಗ್ರಾಚ್ಯುಟಿಯನ್ನೂ ಅದರೊಳಗೆ ಸೇರಿಸಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಮೊತ್ತ ಹೇಳುವ ಮೊದಲು ‘ಈ ಹುದ್ದೆಗೆ ನೀವು ನಿಗದಿಪಡಿಸಿರುವ ಶ್ರೇಣಿ ಯಾವುದು’ ಎಂದು ವಿನಯದಿಂದ ಕೇಳಬಹುದು. ಆಮೇಲೂ ಒತ್ತಾಯಿಸಿದರೆ ಒಂದು ಅಂಕಿಯನ್ನು ಸ್ಪಷ್ಟವಾಗಿ ಹೇಳಿ. ‘ನೀವು ಕೊಟ್ಟಷ್ಟು’ ಎಂಬುದು ಉತ್ತರವಲ್ಲ.

ಹೆಣ್ಣುಮಕ್ಕಳಿಗೆ ಮದುವೆಯ ಬಗ್ಗೆ ಕೇಳುವವರು ಈಗಲೂ ಇದ್ದಾರೆ. ಕೇಳಬಾರದ ಪ್ರಶ್ನೆ ಅದು. ಅಲ್ಲಿ ಜಗಳವಾಡುವುದೂ ಕಷ್ಟ, ಮನೆಯ ವಿಷಯವನ್ನೆಲ್ಲ ಹೇಳುವುದೂ ಬೇಡ. ‘ಸದ್ಯಕ್ಕೆ ಕೆಲಸದಲ್ಲಿ ನೆಲೆ ನಿಲ್ಲುವುದೇ ನನ್ನ ಗಮನ’ ಎಂದು ಒಂದೇ ಮಾತಿನಲ್ಲಿ ಕೆಲಸದ ಕಡೆಗೆ ತಿರುಗಿಸಿಬಿಡಿ.

ಶುಶ್ರೂಷಕಿ, ಕಾಪು:

ಕೊನೆಯಲ್ಲಿ ‘ನಮ್ಮನ್ನು ಏನಾದರೂ ಕೇಳುವುದಿದೆಯೇ’ ಎಂದಾಗ ‘ಏನೂ ಇಲ್ಲ’ ಎಂದು ಎದ್ದು ಬರಬೇಡಿ ತಂಗಿ. ಮೊದಲ ಮೂರು ತಿಂಗಳು ಯಾವ ಕೆಲಸ ಕೊಡುತ್ತೀರಿ, ತರಬೇತಿ ಎಲ್ಲಿ ಎಂದಾದರೂ ಕೇಳಿ. ಬೆಳಗ್ಗಿನ ಬಸ್ಸನ್ನು ಮಾತ್ರ ಒಂದು ಗಂಟೆ ಮುಂಚಿನದ್ದು ಹಿಡಿಯಿರಿ. ಹೆದ್ದಾರಿಯಲ್ಲಿ ಎಲ್ಲಿ ವಾಹನಗಳ ಸಾಲು ನಿಲ್ಲುತ್ತದೆಂದು ಹೇಳಲಾಗದು.

ಬ್ರಹ್ಮಾವರದ ವಾಣಿಜ್ಯ ಪದವೀಧರೆ:

ಸಂದರ್ಶನ ಮುಗಿಸಿ ನಿನ್ನೆ ಸಂಜೆ ಮನೆಗೆ ಬಂದೆ. ಫಲಿತಾಂಶವನ್ನು ಹದಿನೈದು ದಿನಗಳಲ್ಲಿ ತಿಳಿಸುವುದಾಗಿ ಹೇಳಿದ್ದಾರೆ. ಆದರೂ ಅಲ್ಲಿ ನಡೆದದ್ದನ್ನು ಬರೆಯಬೇಕೆನಿಸಿತು.

ಮಂಡಳಿಯಲ್ಲಿ ಮೂವರಿದ್ದರು. ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಊರು, ಓದು, ಸಂಘದ 14 ತಿಂಗಳು, ತಂದೆಯವರ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಒಂದು ನಿಮಿಷದೊಳಗೆ ಹೇಳಿದೆ. ಬಿಡುವಿನ ಬಗ್ಗೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು, ‘ಈಗ ಹೇಗಿದ್ದಾರೆ’ ಎಂದು. ನಾನು ಎಷ್ಟು ರಾತ್ರಿ ಆ ವಿಷಯಕ್ಕೆ ನಿದ್ದೆಗೆಟ್ಟಿದ್ದೆನೋ! ಬ್ಯಾಂಕುಗಳ ಇತಿಹಾಸವನ್ನು ಯಾರೂ ಕೇಳಲಿಲ್ಲ. ಠೇವಣಿ ವಿಮೆಯ ಮಿತಿಯನ್ನು ಕೇಳಿದರು, ಹೇಳಿದೆ.

ನೀವು ಮಾಡಿದ ತಪ್ಪೊಂದನ್ನು ಹೇಳಿ ಎಂದಾಗ 180 ರೂಪಾಯಿಯ ವಿಷಯವನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದೆ. ಎಲ್ಲಿಯೂ ನಿಲ್ಲಲಿಲ್ಲ, ಏಕೆಂದರೆ ಮರೆಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಮೂರನೆಯವರು, ವಯಸ್ಸಾದವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘180 ಎರಡರಿಂದಲೂ ಭಾಗವಾಗುತ್ತದಲ್ಲ, ಅದನ್ನು ಏಕೆ ನೋಡಲಿಲ್ಲ’ ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳುವಿರಾ ಎಂದೆ. ಹೇಳಿದರು. ‘ಗೊತ್ತಿಲ್ಲ ಸರ್’ ಎಂದೆ.

ಅವರು ಒಂದು ಕಾಗದ ತೆಗೆದುಕೊಂಡು ಬರೆದು ತೋರಿಸಿದರು. ಜಮೆಯಾಗಬೇಕಾದ 90 ರೂಪಾಯಿಯನ್ನು ಖರ್ಚಿನ ಕಡೆಗೆ ಬರೆದಿದ್ದರೂ ನಗದು ಇಷ್ಟೇ ಹೆಚ್ಚು ಬರುತ್ತದೆ. ಆದ್ದರಿಂದ ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಎಲ್ಲಾದರೂ ಇದೆಯೇ ಎಂದು ಮೊದಲು ನೋಡಬೇಕು, ಅದಕ್ಕೆ ಒಂದು ನಿಮಿಷವೂ ಬೇಡ, ಆಮೇಲೆ 9ರ ಲೆಕ್ಕಕ್ಕೆ ಹೋಗಬೇಕು ಎಂದರು. ಆ ಕಾಗದವನ್ನು ನಾನು ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಮೂವರೂ ನಕ್ಕರು, ಕೊಟ್ಟರು.

ಬಸ್ಸಿನಲ್ಲಿ ಬರುವಾಗ ಸಂಘದ ಹಿರಿಯ ಗುಮಾಸ್ತರಿಗೆ ಫೋನ್ ಮಾಡಿ, ಎರಡರ ಲೆಕ್ಕ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ‘ಗೊತ್ತಿಲ್ಲದೆ ಏನು’ ಎಂದರು, ‘ನಾನು 9 ಹೇಳಿದ ಕೂಡಲೇ ನೀನು ಎದ್ದು ಹೋದೆ, ಉಳಿದದ್ದನ್ನು ಯಾರಿಗೆ ಹೇಳುವುದು?’